ಬಿಸಿಲಿಗಿಟ್ಟ ಸಸಿ

ಸಸಿಯ ಟ್ರೇ ಹಿಡಿದು ತಾರಸಿಯ ಮೆಟ್ಟಿಲು ಹತ್ತುತ್ತಿದ್ದ ಗಿರಿಜಾಂಬಾ ತಿರುವಿನಲ್ಲಿ ನಿಂತಳು. ಕೆಳಗೆ ಸೊಸೆ ನಗುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಒಂಟಿಕಾಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನಂದಿತಾ ನಗುತ್ತಿದ್ದಳು. ಮಗ ಸಮರ್ಥ ತೀರಿಹೋದಮೇಲೆ ಈ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಈ ಹುಡುಗಿ ಮತ್ತೆ ನಗುವ ಹಾಗೆ ಮಾಡಪ್ಪಾ ಎಂದು ತಾನೇ ಎಷ್ಟು ಸಲ ದೇವರ ಮುಂದೆ ನಿಂತಿದ್ದಳು. ಈಗ ನಗುತ್ತಿದ್ದಾಳೆ. ಫೋನಿನ ಆ ತುದಿಯಲ್ಲಿ ಮಲ್ಲೇಶ್ವರದ ರಾಘವ ಏನೋ ಹೇಳಿರಬೇಕು. ಟ್ರೇ ಬೆರಳಿಗೆ ಒತ್ತುತ್ತಿತ್ತು. ನಗು ಮುಗಿಯುವವರೆಗೆ ಹತ್ತಬಾರದು, ಹೆಜ್ಜೆ ಸದ್ದು ಕೇಳಿದರೆ ಕದ್ದು ಕೇಳುತ್ತಿದ್ದೆ ಅಂದುಕೊಂಡಾಳು ಎಂದು ಹಾಗೇ ನಿಂತಿದ್ದಳು, ತನ್ನ ಮನೆಯ ಮೆಟ್ಟಿಲ ಮೇಲೆ ಕಳ್ಳಿಯ ಹಾಗೆ.

"ಅತ್ತೆ," ನಂದಿತಾ ಕೆಳಗಿನಿಂದ ಕೂಗಿದಳು, "ಎಳೆ ಬಿಸಿಲು ಇರೋವರ್ಗೂ ಇರ್ಲಿ. ಆಮೇಲೆ ಟ್ಯಾಂಕಿನ ನೆರಳಿಗೆ ಎಳೆದಿಟ್ಬಿಡಿ. ಇವತ್ತು ಬಿಸಿಲು ತುಂಬಾ ಜಾಸ್ತಿ ಅಂತೆ."

"ಗೊತ್ತು ಕಣೇ. ದಿನಾ ನಾನೇ ಅಲ್ವಾ ಎಳೆದಿಡೋದು?"

"ನೀವಿಲ್ದಿದ್ರೆ ಇವೆಲ್ಲ ಯಾವಾಗ್ಲೋ ಹೋಗಿರ್ತಿದ್ವು," ಎಂದಳು ನಂದಿತಾ. ಗೇಟು ಕಿರುಗುಟ್ಟಿತು. ಸ್ಕೂಟರಿನ ಸದ್ದು ಚಾಮರಾಜಪೇಟೆಯ ಅಡ್ಡರಸ್ತೆ ದಾಟಿ ಬಸ್ಸುಗಳ ಸದ್ದಿನಲ್ಲಿ ಸೇರಿಹೋಯಿತು. ನಗರ್ತಪೇಟೆಯ ಬ್ಯಾಂಕಿಗೆ ಹೋದರೆ ಇನ್ನು ಅವಳು ಬರುವುದು ಸಂಜೆಗೆ.

ಟ್ರೇಗಳನ್ನು ಪಾರಾಪೆಟ್ಟಿನ ಪಕ್ಕ ಒಂದಕ್ಕೊಂದು ತಾಗಿಸಿ ಇಟ್ಟು ಗಿರಿಜಾಂಬಾ ಬಗ್ಗಿ ನೋಡಿದಳು. ಬದನೆ, ಟೊಮೇಟೊ, ಒಂದು ಸಾಲು ಮೆಣಸಿನಕಾಯಿ. ತೆಂಗಿನ ನಾರಿನ ಪುಡಿಯಲ್ಲಿ ಮೊಳೆತವು, ನಾಲ್ಕೈದು ಎಲೆ ಬಿಟ್ಟು, ಕತ್ತು ಉದ್ದ ಮಾಡಿಕೊಂಡು ನಿಂತಿದ್ದವು. ಮೊನ್ನೆ ಮೊನ್ನೆಯವರೆಗೂ ಇವು ಒಳಗಿನ ಕೋಣೆಯ ಕಿಟಕಿಯ ಬಳಿ, ಸಮರ್ಥನ ಮೇಜಿನ ಮೇಲೆ ಇದ್ದವು. ಮೇಜು ಖಾಲಿ ಮಾಡುವ ಮುಂಚೆ ನಂದಿತಾ ಕೇಳಿದ್ದಳು. ಕೇಳಲಿಲ್ಲ ಎನ್ನುವ ಹಾಗಿಲ್ಲ. "ಇಡಮ್ಮ, ಅದಕ್ಕೇನು, ಮೇಜು ಸುಮ್ನೆ ತಾನೇ ಬಿದ್ದಿರೋದು" ಎಂದು ಗಿರಿಜಾಂಬಾಳೇ ಹೇಳಿದ್ದಳು. ಆಮೇಲೆ ದಿನಾ ಅವಳು ಹೊರಟ ಮೇಲೆ ಟ್ರೇ ಎತ್ತಿ, ಮರದ ಮೇಲೆ ಬಿದ್ದ ನೀರಿನ ಬಿಳಿಯ ಕಲೆಯನ್ನು ಸೆರಗಿನಿಂದ ಉಜ್ಜುತ್ತಿದ್ದಳು. ಕಲೆ ಹೋಗುತ್ತಿರಲಿಲ್ಲ.

"ಒಳಗೇ ಬೆಳೆದಿದ್ದಲ್ವಾ ಅತ್ತೆ, ಒಂದೇ ಸಲ ಬಿಸಿಲಿಗೆ ಇಟ್ರೆ ಸುಟ್ಟೋಗ್ತವೆ. ಇವತ್ತು ಸ್ವಲ್ಪ ಹೊತ್ತು, ನಾಳೆ ಇನ್ನೊಂದು ಸ್ವಲ್ಪ. ಹಾಗೆ ಗಟ್ಟಿ ಮಾಡ್ಕೊಂಡ್ರೆ ಆಮೇಲೆ ನೆಲಕ್ಕೆ ಹಾಕಿದಾಗ ತಡ್ಕೊಳತ್ತೆ," ಎಂದು ವಿವರಿಸಿದ್ದಳು ನಂದಿತಾ. ನೆಲ ಎಂದರೆ ರಾಘವನ ಮನೆಯ ಹಿತ್ತಿಲು. ಬರುವ ಭಾನುವಾರ ಅಲ್ಲಿ ನೆಡುವುದು, ಯುಗಾದಿ ಕಳೆದಮೇಲೆ ರಿಜಿಸ್ಟರ್ ಮದುವೆ. ಈ ಮನುಷ್ಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಮೊದಲನೆಯ ಹೆಂಡತಿ ಬಿಟ್ಟು ಹೋಗಿದ್ದಾಳೆ, ಮೆತ್ತಗೆ ಮಾತಾಡುತ್ತಾನೆ, ಕಾಫಿ ಕುಡಿದ ಲೋಟವನ್ನು ತಾನೇ ಒಳಗೆ ತಂದಿಡುತ್ತಾನೆ. ದ್ವೇಷಿಸಲು ಅವನಲ್ಲಿ ಏನೂ ಇರಲಿಲ್ಲ. ಅದೇ ಗಿರಿಜಾಂಬಾಗೆ ದೊಡ್ಡ ಹಿಂಸೆಯಾಗಿತ್ತು. ಅವನಿಗೊಂದು ಕುಡಿತವೋ ಕೋಪವೋ ಇದ್ದಿದ್ದರೆ, ಬೇಡಮ್ಮ ಎಂದು ಹೇಳಲು ಬಾಯಿ ಇರುತ್ತಿತ್ತು. ಈಗ ಆ ಬಾಯಿಯನ್ನು ತಾನೇ ಹೊಲಿದುಕೊಂಡಿದ್ದಳು. ನೆಂಟರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ಎಲ್ಲರೂ ಕೇಳುವಂತೆ "ನಾನೇ ಮುಂದೆ ನಿಂತು ನನ್ನ ಸೊಸೆಗೆ ಮದುವೆ ಮಾಡಿಸ್ತೀನಿ" ಎಂದಿದ್ದಳಲ್ಲ. ಪಕ್ಕದ ಎಲೆಯಲ್ಲಿ ಕೂತಿದ್ದವಳು ಕೈಯಲ್ಲಿದ್ದ ತುತ್ತು ಬಿಟ್ಟು ನೋಡಿದ್ದಳು. ನಿಮ್ಮಂಥವರು ಎಲ್ಲಿದ್ದಾರೆ, ಎಂಥಾ ದೊಡ್ಡ ಮನಸ್ಸು. ಆ ಮಾತಿನ ರುಚಿ ವಾರಗಟ್ಟಲೆ ನಾಲಿಗೆಯ ಮೇಲಿತ್ತು. ಮದುವೆ ಮಾಡಿಸುವ ಮಾತು ಆಡುವಾಗ ನಂದಿತಾಗೆ ನಿಜವಾಗಿ ಒಬ್ಬ ಸಿಕ್ಕಿಬಿಡಬಹುದು ಎಂದು ಅವಳು ಎಣಿಸಿರಲಿಲ್ಲ.

ಬಿಸಿಲು ಮೆಟ್ಟಿಲ ಮೇಲಿನ ಕೋಣೆಯ ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಗಿರಿಜಾಂಬಾ ಆ ಕೋಣೆಯ ಹೊಸಿಲಿನ ಮೇಲೆ, ಒಂದಂಗುಲ ನೆರಳಿನಲ್ಲಿ ಕೂತಿದ್ದಳು. ನಿನ್ನೆ ರಾಘವನ ತಾಯಿ ಫೋನ್ ಮಾಡಿದ್ದರು. ನಂದಿತಾ ಚಪಾತಿ ಹಿಟ್ಟು ಕಲಸುತ್ತಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದಳು. ಆಯಮ್ಮನಿಗೆ ಅದು ತಿಳಿಯಲಿಲ್ಲ. "ನೋಡಮ್ಮ, ನಿಮ್ಮ ಅತ್ತೆ ಒಳ್ಳೇವ್ರೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅವರು ಬಂದು ಹೋಗೋದು ಅಂತ ಇಟ್ಕೋಬೇಡ. ಹೊಸ ಸಂಸಾರ, ಹಳೇದೆಲ್ಲ ಹಿಂದೆಯೇ ಇದ್ಬಿಡ್ಲಿ." ನಂದಿತಾ ಹಿಟ್ಟಿನ ಕೈಯಲ್ಲೇ ಫೋನು ಒತ್ತಲು ಹೋಗಿ, ಅದು ಜಾರಿ ಸಿಂಕಿನ ಅಂಚಿಗೆ ಬಿತ್ತು. ಗಿರಿಜಾಂಬಾ ಹುರುಳಿಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅವರು ಹಾಗೆ ಅಂದಿದ್ದಕ್ಕೆ ನಾನು ಬಿಡ್ತೀನಾ ಅತ್ತೆ? ವಾರಾ ವಾರಾ ಬರ್ತೀನಿ," ಎಂದಳು ನಂದಿತಾ. "ಬಾ, ಅದಕ್ಕೇನು," ಎಂದಳು ಗಿರಿಜಾಂಬಾ. ವಾರಾ ವಾರಾ. ಆಮೇಲೆ ಹಬ್ಬಕ್ಕೆ. ಆಮೇಲೆ ಫೋನು. ಈಗಾಗಲೇ ಶುರುವಾಗಿತ್ತು. ಮೊದಲು ಒಂದು ಭಾನುವಾರದ ಸಂಜೆ, ಆಮೇಲೆ ಭಾನುವಾರ ಪೂರ್ತಿ, ಈಚೆಗೆ ಶನಿವಾರವೂ. ಅವಳಿಲ್ಲದ ಹೊತ್ತನ್ನು ಸ್ವಲ್ಪ ಸ್ವಲ್ಪವೇ ತನಗೆ ಅಭ್ಯಾಸ ಮಾಡಿಸುತ್ತಿದ್ದಾರೆ ಎಂದು ಗಿರಿಜಾಂಬಾಗೆ ಅನಿಸಿ, ಹಾಗನಿಸಿದ್ದಕ್ಕೇ ನಾಚಿಕೆಯಾಯಿತು.

ಅವಳು ಹೋದರೆ ಸಮರ್ಥನ ಬಗ್ಗೆ ಮಾತಾಡಲು ಯಾರಿರುತ್ತಾರೆ? ಉಪ್ಪಿಟ್ಟಿಗೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದ, ಸ್ನಾನ ಮಾಡುವಾಗ ವಾರ್ತೆ ಓದುವವರ ಧಾಟಿಯಲ್ಲಿ ತನ್ನಷ್ಟಕ್ಕೆ ಏನೇನೋ ಹೇಳಿಕೊಳ್ಳುತ್ತಿದ್ದ ಎಂಬುದೆಲ್ಲ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬಳು ಎದ್ದು ಹೋದರೆ ಇನ್ನೊಬ್ಬಳು ಗೋಡೆಗೆ ಹೇಳಬೇಕು. ನಂದಿತಾ ಮಲ್ಲೇಶ್ವರದ ಆ ಮನೆಯಲ್ಲಿ ಇವನ ಹೆಸರು ಎತ್ತುವ ಹಾಗಿಲ್ಲ, ಇವನೇ ಆ "ಹಳೇದು". ಡೆಂಗಿ ಜ್ವರದಲ್ಲಿ ಮಲಗಿದ್ದಾಗ ಇವನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು ಗಿರಿಜಾಂಬಾ. ಹಾಕಿದ ಬಟ್ಟೆ ನೋಡನೋಡುತ್ತ ಬಿಸಿಯಾಗುತ್ತಿತ್ತು. ಇನ್ನೊಂದು ಕಡೆ ನಂದಿತಾ ಇನ್ನೊಂದು ಬಟ್ಟೆ ಹಿಂಡಿ ಕೊಡುತ್ತಿದ್ದಳು. ಇಬ್ಬರ ಕೈಗಳೂ ಒಂದೇ ಬಕೆಟಿನಲ್ಲಿ ತಣ್ಣಗಾಗಿದ್ದವು.

ಟೊಮೇಟೊ ಸಸಿಯೊಂದು ಕತ್ತು ಬಾಗಿಸಿತು. ಬಿಸಿಲು ಆಗಲೇ ಬೆಳ್ಳಗಾಗಿತ್ತು, ಕಣ್ಣು ಬಿಡಲಾರದ ಬಿಸಿಲು. ಏಳಬೇಕು ಎಂದುಕೊಂಡಳು. ಟ್ಯಾಂಕಿನ ನೆರಳು ಐದಾರು ಮಾರು ದೂರದಲ್ಲಿ ಕಪ್ಪಗೆ ಬಿದ್ದಿತ್ತು. ಮೊಣಕಾಲಿಗೆ ಕೈಯೂರಿದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ, ಏಳಬೇಕೆಂದರೆ ಏಳಬಹುದಾಗಿತ್ತು. ಇನ್ನೊಂದು ಸಸಿ ಬಾಗಿತು. ಎಲೆಯ ಅಂಚು ಒಳಕ್ಕೆ ಸುರುಳಿಯಾಗುವುದು ಕಾಣುತ್ತಿತ್ತು. ಏನೋ ಒಂದು ತನ್ನ ಕೈಯಲ್ಲಿದೆ, ಯಾರೂ ತನ್ನನ್ನು ಹೊಗಳದ, ಯಾರೂ ನೋಡದ ಒಂದು. ಈಗ ಏಳುತ್ತೇನೆ, ಈಗ, ಎಂದುಕೊಳ್ಳುತ್ತಲೇ ಅವಳು ನೋಡುತ್ತಿದ್ದಳು.

"ಟೀಚರಮ್ಮಾ," ಪಕ್ಕದ ತಾರಸಿಯಿಂದ ಮುನಿಲಕ್ಷ್ಮಮ್ಮ ಕೂಗಿದಳು. ಸಂಡಿಗೆ ಒಣಹಾಕಲು ಬಂದಿದ್ದಳು, ತಲೆಯ ಮೇಲೆ ಒದ್ದೆ ಟವೆಲ್ಲು. "ಸಸಿ ಬಾಡ್ತಾ ಅವೆ, ನೋಡ್ರಿ. ನೆಳ್ಳಿಗೆ ಎಳ್ಕಳಿ."

"ಹೂಂ. ಎಳೀತೀನಿ."

ಮುನಿಲಕ್ಷ್ಮಮ್ಮ ಹಾಳೆ ಹಾಸಿ ಸಂಡಿಗೆ ಇಟ್ಟು ಮುಗಿಸುವವರೆಗೂ ಆಗಾಗ ಈ ಕಡೆ ನೋಡುತ್ತಿದ್ದಳು. ಗಿರಿಜಾಂಬಾ ಅವಳ ಕಣ್ಣನ್ನು ತಪ್ಪಿಸಲು ಎದ್ದು, ಟ್ರೇಗಳ ಹತ್ತಿರ ಹೋಗಿ, ಬಗ್ಗದೆ ಹಾಗೇ ನಿಂತಳು. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಕಾಲ ಬಳಿ ಸಸಿಗಳು ಒಂದರ ಮೇಲೊಂದು ಒರಗುತ್ತಿದ್ದವು. ಆಮೇಲೆ ತಿರುಗಿ ಮೆಟ್ಟಿಲಿಳಿದು ಹೋಗಿ, ಅನ್ನಕ್ಕೆ ಇಟ್ಟಳು.

ಸಂಜೆ ನಂದಿತಾ ನೇರ ಮೇಲೆ ಹೋದಳು. ಗಿರಿಜಾಂಬಾ ಅಡುಗೆಮನೆಯಲ್ಲಿ ನಿಂತು ಕಾದಳು. ಬಯ್ಯಲಿ. ಕಿರುಚಲಿ. ಬೇಕೆಂದೇ ಮಾಡಿದಿರಿ ಅಲ್ಲವಾ ಎಂದು ಕೇಳಲಿ. ಹೌದು ಎಂದುಬಿಡಲು ಬಾಯಿ ಸಿದ್ಧವಾಗಿತ್ತು. ಹೌದು ಕಣೇ, ನಿನ್ನನ್ನ ಕಳಿಸೋಕೆ ನನಗಿಷ್ಟವಿಲ್ಲ, ದೊಡ್ಡ ಮನಸ್ಸೆಲ್ಲ ಸುಳ್ಳು. ಆ ಜಗಳವಾದರೂ ಇಬ್ಬರ ನಡುವೆ ನಿಜವಾದದ್ದು ಆಗಿರುತ್ತಿತ್ತು. ಮೇಲೆ ನೀರು ಸುರಿಯುವ ಸದ್ದು, ಟ್ರೇ ಎಳೆಯುವ ಸದ್ದು. ಆಮೇಲೆ ಪಕ್ಕದ ತಾರಸಿಯ ಮುನಿಲಕ್ಷ್ಮಮ್ಮನ ದನಿ, ಏನೋ ತಗ್ಗಿಸಿ ಹೇಳುತ್ತಿದ್ದರೂ ಮೆಟ್ಟಿಲಲ್ಲಿ ಇಳಿದು ಬರುತ್ತಿತ್ತು. "ನಾ ಯೋಳ್ದೆ ಕಣಮ್ಮ. ಹೂಂ ಅಂದ್ರು. ಆಮ್ಯಾಕೆ ಸಸಿ ತಾವ್ಕೇ ಬಂದ್ರು, ಬಂದು ಸುಮ್ಕೆ ನಿಂತ್ಕಂಡ್ರು. ಏನೋ ಗ್ಯಾನವೇ ಇಲ್ದಂಗೆ. ನಂಗೆ ಒಂಥರಾ ದಿಗಿಲಾಯ್ತು."

ನಂದಿತಾ ಇಳಿದು ಬಂದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೈಗೆ ಮಣ್ಣು ಮೆತ್ತಿತ್ತು. ಗಿರಿಜಾಂಬಾಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ಎದುರಿಗೆ ನೆಲದ ಮೇಲೆ ಕೂತಳು.

"ಅತ್ತೆ, ಸಸಿ ನೆರಳಿಗೆ ಇಡೋದು ನೆನಪಾಗ್ಲಿಲ್ವಾ?"

ಅವಳ ದನಿಯ ಮೆದುವಿಗೆ ಗಿರಿಜಾಂಬಾ ಸಿದ್ಧವಾಗಿರಲಿಲ್ಲ. ಬಾಯಲ್ಲಿದ್ದ ಮಾತು ಒಳಗೆ ಹೋಯಿತು. "ಮರೆತ್ಹೋಯ್ತಮ್ಮ," ಎಂದಳು.

"ಮುನಿಲಕ್ಷ್ಮಮ್ಮ ನೆನಪು ಮಾಡಿದ್ರಂತಲ್ಲ?"

"ಮಾಡಿದ್ಲಾ?" ಎಂದಳು ಗಿರಿಜಾಂಬಾ. ಮೊದಲನೆಯ ಸುಳ್ಳನ್ನು ಕಾಯಲು ಎರಡನೆಯದು ತಾನಾಗಿಯೇ ಬಂದಿತ್ತು.

ನಂದಿತಾ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಆಮೇಲೆ ಹೋದ ವಾರ ಹಾಲು ಉಕ್ಕಿಸಿದ್ದು, ಬೀಗದ ಕೈ ತರಕಾರಿ ಬುಟ್ಟಿಯಲ್ಲಿ ಸಿಕ್ಕಿದ್ದು, ಒಂದೇ ಮಾತನ್ನು ಎರಡು ಸಲ ಕೇಳಿದ್ದು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಎಲ್ಲರ ಮನೆಯಲ್ಲೂ ಆಗುವಂಥವು. ಈಗ ಅವೆಲ್ಲ ಒಂದೇ ದಾರಕ್ಕೆ ಪೋಣಿಸಿಕೊಂಡು ಬೇರೆಯೇ ಆಗಿ ಕಾಣುತ್ತಿದ್ದವು. "ನಮ್ಮಜ್ಜಿಗೂ ಮರೆವು ಹಿಂಗೇ ಶುರುವಾಗಿದ್ದು ಅತ್ತೆ. ನಾವ್ಯಾರೂ ಗಮನ ಕೊಡ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. ಹಾಗಲ್ಲ ಎಂದು ಹೇಳಲು ಆ ಗಳಿಗೆ ಸಾಕಾಗಿತ್ತು. ಗಿರಿಜಾಂಬಾ ಸೊಸೆಯ ಮಣ್ಣಾದ ಬೆರಳುಗಳನ್ನು ನೋಡುತ್ತ ಕೂತಳು. ಗಳಿಗೆ ದಾಟಿತು.

ಊಟವಾದಮೇಲೆ ಒಳಗಿನ ಕೋಣೆಯಿಂದ ಫೋನಿನ ಮಾತು ಕೇಳಿಸಿತು. "ಇಲ್ಲ ರಾಘವ, ಈಗಾಗಲ್ಲ... ಹೆಂಗೆ ಬಿಟ್ಟು ಬರ್ಲಿ ಹೇಳಿ... ನಿಮ್ಮಮ್ಮ ಅವರನ್ನ ಅಲ್ಲಿ ಇಟ್ಕೋತಾರಾ?... ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ." ಗಿರಿಜಾಂಬಾ ತೊಳೆದ ಪಾತ್ರೆಗಳನ್ನು ಸದ್ದಾಗದಂತೆ ಕಪಾಟಿನಲ್ಲಿಡುತ್ತಿದ್ದಳು. ಎದೆಯೊಳಗೆ ಸಣ್ಣಗೆ ಏನೋ ಕುಣಿಯಿತು. ಅದು ಸಂತೋಷ ಎಂದು ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದಮೇಲೆ ಸಿಂಕಿನ ಅಂಚು ಹಿಡಿದು ನಿಂತಳು. ಮಗ ಸತ್ತ ವರ್ಷ ಕೂಡ ತನ್ನ ಬಗ್ಗೆ ಇಷ್ಟು ಅಸಹ್ಯವಾಗಿರಲಿಲ್ಲ.

ಮಾರನೆಯ ದಿನ ಮೆಣಸಿನಕಾಯಿಯ ಕೆಲವು ಸಸಿಗಳು ತಲೆಯೆತ್ತಿದವು. ಉಳಿದವನ್ನು ನಂದಿತಾ ಕಿತ್ತು ಒಂದು ಕವರಿಗೆ ತುಂಬಿ ಕಸದ ಗಾಡಿಗೆ ಕೊಟ್ಟಳು. ಆ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಮನೆಯೊಳಗಿನ ಗಾಳಿಯೇ ಬೇರೆಯಾಯಿತು. ನಂದಿತಾ ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಆರಿಸಿ, ಮಧ್ಯಾಹ್ನದ ಊಟವನ್ನು ಬಿಸಿ ಡಬ್ಬಿಗೆ ಹಾಕಿಟ್ಟು, ಮುನಿಲಕ್ಷ್ಮಮ್ಮನಿಗೆ "ಸ್ವಲ್ಪ ನೋಡ್ಕೊಳಿ" ಎಂದು ಹೇಳಿ ಹೋಗುತ್ತಿದ್ದಳು. ಪರೀಕ್ಷೆಗೆಂದು ಏನಾದರೂ ಕೇಳುತ್ತಿದ್ದಳು. ನಿನ್ನೆ ಏನು ಪಲ್ಯ ಮಾಡಿದ್ದೆವು ಅತ್ತೆ? ನೆನಪಿದ್ದರೂ ಗಿರಿಜಾಂಬಾ ಒಂದು ಕ್ಷಣ ತಡೆದು ಉತ್ತರ ಹೇಳುತ್ತಿದ್ದಳು. ತಡೆಯಬೇಕೆಂದು ತಡೆದದ್ದೋ, ದಿಟವಾಗಿ ತಡವಾಯಿತೋ ಎಂಬುದು ಕ್ರಮೇಣ ಅವಳಿಗೇ ತಿಳಿಯದಾಯಿತು. ರಾಘವ ಒಂದು ಸಂಜೆ ಬಂದ. ಬಾಗಿಲಲ್ಲೇ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, "ಅಮ್ಮಾ, ನಾನು ರಾಘವ" ಎಂದ. ನಲವತ್ತು ಮಕ್ಕಳ ಹಾಜರಿಯನ್ನು ಪುಸ್ತಕ ತೆರೆಯದೆ ಕೂಗುತ್ತಿದ್ದ ಗಣಿತದ ಟೀಚರ್ ತಾನು, ಎಂದು ಅವನಿಗೆ ಹೇಳಬೇಕೆನಿಸಿತು. "ಗೊತ್ತಪ್ಪ, ಬಾ" ಎಂದಳು ಅಷ್ಟೇ. ಅವನು, ನಂದಿತಾ ಹಾಲಿನಲ್ಲಿ ಎದುರುಬದುರು ಕೂತರು. ಫ್ಯಾನಿನ ಕೆಳಗೆ, ಸಾವಾದ ಮನೆಗೆ ಬಂದವರ ಹಾಗೆ. ಹೊರಡುವಾಗ ಅವನು ಲೋಟ ಒಳಗೆ ತರಲಿಲ್ಲ.

ಯುಗಾದಿ ಕಳೆಯಿತು. ಬೇವುಬೆಲ್ಲ ತಿಂದು ಇಬ್ಬರೂ ಟಿವಿ ನೋಡಿದರು. ಅದಾದ ಮುಂದಿನ ವಾರ ನಂದಿತಾ ರಜೆ ಹಾಕಿ, ಬಸವನಗುಡಿಯಲ್ಲಿ ಇಂಥದ್ದಕ್ಕೇ ನೋಡುವ ಡಾಕ್ಟರ ಹತ್ತಿರ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ಗಾಂಧಿಬಜಾರಿನಲ್ಲಿ ಆಟೋ ನಿಂತು ನಿಂತು ಸಾಗುತ್ತಿತ್ತು. ಹೊರಗೆ ಮಲ್ಲಿಗೆ, ಮಾವಿನಕಾಯಿ, ಜನ. ನಂದಿತಾ ಸೊರಗಿದ್ದಳು. ಕೆನ್ನೆಯ ಮೂಳೆ ಕಾಣುತ್ತಿತ್ತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಅವಳ ಫೋನು ಅದುರಿತು. ಅವಳು ಹೆಸರು ನೋಡಿದಳು, ಎತ್ತಲಿಲ್ಲ, ಕತ್ತರಿಸಲೂ ಇಲ್ಲ. ಅದು ತಾನಾಗಿ ನಿಲ್ಲುವವರೆಗೆ ಅಂಗೈಯಲ್ಲಿ ಹಿಡಿದುಕೊಂಡಿದ್ದಳು, ಹಕ್ಕಿಮರಿಯನ್ನು ಹಿಡಿದಂತೆ. ಆಮೇಲೆ ಮುಖ ಕೆಳಗೆ ಮಾಡಿ ತೊಡೆಯ ಮೇಲಿಟ್ಟಳು. ಗಿರಿಜಾಂಬಾಗೆ ಅದನ್ನು ನೋಡಲಾಗಲಿಲ್ಲ. ಸಾಕು ಎಂದುಕೊಂಡಳು. ಒಳಗೆ ಹೋಗಿ ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳುತ್ತೇನೆ. ಹೊರಗೆ ಬಂದು ನಿಜ ಹೇಳುತ್ತೇನೆ. ಇವಳು ಉಗಿದರೆ ಉಗಿಯಲಿ, ಆಮೇಲೆ ಮುಖ ನೋಡದಿದ್ದರೂ ಸರಿ, ಹೋಗಲಿ, ಬದುಕಲಿ. ಹಾಗೆ ನಿಶ್ಚಯಿಸಿದಮೇಲೆ ಎಷ್ಟೋ ದಿನಗಳಿಂದ ಸರಿಯಾಗಿ ಆಡದ ಉಸಿರು ಆಡಿತು.

ಡಾಕ್ಟರು ಚಿಕ್ಕ ವಯಸ್ಸಿನವಳು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಅಮ್ಮ, ಸುಮ್ನೆ ಒಂದಷ್ಟು ಕೇಳ್ತೀನಿ, ಗಾಬರಿ ಆಗ್ಬೇಡಿ. ಇದು ಯಾವ ತಿಂಗಳು?" ಎಂದಳು.

"ಚೈತ್ರ ಬೇಕೋ, ಏಪ್ರಿಲ್ ಬೇಕೋ?"

ಡಾಕ್ಟರು ನಕ್ಕಳು. "ನೂರರಿಂದ ಏಳೇಳು ಕಳೀತಾ ಬನ್ನಿ, ನೋಡೋಣ."

"ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು," ಎಂದು ಗಿರಿಜಾಂಬಾ ಮಗ್ಗಿ ಹೇಳಿಸುವ ಧಾಟಿಯಲ್ಲಿ ಇಳಿಯುತ್ತ ಹೋದಳು. ಹೇಳಿದ ಪದಗಳನ್ನು ಹೇಳಿದ ಹಾಗೇ ತಿರುಗಿ ಹೇಳಿದಳು, ಗಡಿಯಾರ ಬರೆದು ಮುಳ್ಳು ಇಟ್ಟಳು. ಬಹಳ ದಿನಗಳ ಮೇಲೆ ತನ್ನ ತಲೆ ತನ್ನದಾಗಿ ಓಡುತ್ತಿರುವ ಖುಷಿಯಿತ್ತು. "ತುಂಬಾ ಚೆನ್ನಾಗಿದೆ," ಎಂದಳು ಡಾಕ್ಟರು ನಂದಿತಾಳ ಕಡೆ ತಿರುಗಿ, "ನನಗೇನೂ ಅಂಥಾದ್ದು ಕಾಣ್ತಿಲ್ಲ." ಗಿರಿಜಾಂಬಾಳೂ ತಿರುಗಿ ನೋಡಿದಳು.

ನಂದಿತಾಳ ಮುಖ ಬಿಚ್ಚಿಕೊಂಡಿತ್ತು. ಭುಜಗಳು ಇಳಿದಿದ್ದವು, ತುಟಿ ಅರೆ ತೆರೆದಿತ್ತು. ಅತ್ತೆ ಚೆನ್ನಾಗಿದ್ದಾಳೆ ಎಂಬುದಕ್ಕಷ್ಟೇ ಬಂದ ಬೆಳಕಲ್ಲ ಅದು. ಅವಳ ಕಣ್ಣು ಈ ಕೋಣೆಯಲ್ಲಿರಲಿಲ್ಲ. ಹೆಬ್ಬೆರಳು ತೊಡೆಯ ಮೇಲಿನ ಫೋನನ್ನು ಅವಳಿಗೇ ತಿಳಿಯದಂತೆ ಮಗುಚಿ ಮುಖ ಮೇಲೆ ಮಾಡುತ್ತಿತ್ತು. ಹೊರಟುಬಿಟ್ಟಿದ್ದಳು. ಇಲ್ಲೇ ಕೂತು, ಒಂದು ಗಳಿಗೆಯಲ್ಲಿ, ಮಲ್ಲೇಶ್ವರ ತಲುಪಿಬಿಟ್ಟಿದ್ದಳು. ಇಷ್ಟು ಬೇಗ.

"ಇನ್ನೇನು, ಮುಗೀತು," ಎನ್ನುತ್ತ ಡಾಕ್ಟರು ಪೆನ್ನು ತೆಗೆದುಕೊಂಡಳು. "ಮನೇಲಿ ಯಾರ್ಯಾರಿದೀರಿ? ಮಕ್ಕಳೆಷ್ಟು ಜನ ಅಮ್ಮ ನಿಮಗೆ?"

"ಒಬ್ಬ ಮಗ."

"ಅವರ ಹೆಸರು?"

ಹೆಸರು ಬಾಯಿಗೆ ಬಂದಿತ್ತು. ಬಾಣಂತಿ ಕೋಣೆಯ ಹಬೆಯಲ್ಲಿ ಮೊದಲ ಸಲ ಕಿವಿಯಲ್ಲಿ ಕರೆದ ಹೆಸರು, ಆಟದ ಬಯಲಿನಿಂದ ಬಾರೋ ಎಂದು ಗೇಟಿನಲ್ಲಿ ನಿಂತು ಕೂಗಿದ ಹೆಸರು. ಗಿರಿಜಾಂಬಾ ತುಟಿ ಮುಚ್ಚಿಕೊಂಡಳು. ಡಾಕ್ಟರು ಕಾದಳು. ಪೆನ್ನು ಹಾಳೆಯ ಮೇಲೆ ನಿಂತಿತ್ತು. ಹೊರಗೆ ಯಾರೋ ಕಂಪೌಂಡರನ್ನು ಕರೆಯುತ್ತಿದ್ದರು. ಈಗ ಹೇಳಬೇಕು, ಈಗ. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅಮ್ಮ, ಮಗನ ಹೆಸರು?"

"ಗೊತ್ತಾಗ್ತಿಲ್ಲ," ಎಂದಳು ಗಿರಿಜಾಂಬಾ.

ಪಕ್ಕದಿಂದ ನಂದಿತಾಳ ಕೈ ಬಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಫೋನು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದರೂ ಅವಳು ಅದನ್ನು ಎತ್ತಿಕೊಳ್ಳಲಿಲ್ಲ. "ಸಮರ್ಥ," ಎಂದಳು ನಂದಿತಾ. "ಸಮರ್ಥ, ಅತ್ತೆ. ನಿಮ್ಮ ಮಗ. ಸಮರ್ಥ ಅಂತ." ಡಾಕ್ಟರು ತನ್ನನ್ನೇ ನೋಡುತ್ತಿರುವುದು ಗಿರಿಜಾಂಬಾಗೆ ತಿಳಿಯಿತು. ಅವಳು ಸೊಸೆಯ ಕಡೆ ನಿಧಾನಕ್ಕೆ ಮುಖ ತಿರುಗಿಸಿ, ಆ ಹೆಸರನ್ನು ಇದೇ ಮೊದಲ ಸಲ ಕೇಳುತ್ತಿರುವವಳ ಹಾಗೆ ನೋಡಿದಳು.